ಈಜು ಬಾರದ ಹುಡುಗನ ಕತೆ

ಆರಿ, ಅಂದರೆ ಅರಿಸ್ಟಾಟಲ್‌ಗೆ ಹದಿನೈದು ವರ್ಷ, ಈಜು ಬರುವುದಿಲ್ಲ. ಕಲಿಸಿಕೊಡಿ ಅಂತ ಯಾರನ್ನೂ ಕೇಳುವವನೂ ಅಲ್ಲ. ಈಜುಕೊಳದಲ್ಲಿ ಡಾಂಟೆ ಅನ್ನುವ ಹುಡುಗ ತಾನಾಗಿ ಬಂದು ಕಲಿಸಿಕೊಡುತ್ತೇನೆ ಅನ್ನುತ್ತಾನೆ. 'ಅರಿಸ್ಟಾಟಲ್ ಅಂಡ್ ಡಾಂಟೆ ಡಿಸ್ಕವರ್ ದಿ ಸೀಕ್ರೆಟ್ಸ್ ಆಫ್ ದಿ ಯೂನಿವರ್ಸ್' ಶುರುವಾಗುವುದೇ ಹೀಗೆ. ಬೆಂಜಮಿನ್ ಅಲೀರೆ ಸಾಯೆನ್ಸ್ ಬರೆದ ಈ ಕಾದಂಬರಿ 2012ರದು. ಕತೆ ನಡೆಯುವುದು 1987ರಲ್ಲಿ, ಟೆಕ್ಸಸ್‌ನ ಎಲ್ ಪಾಸೊದಲ್ಲಿ.

ಡಾಂಟೆಗೆ ಬೂಟು ಕಂಡರೆ ಆಗುವುದಿಲ್ಲ. ಒಂದು ದಿನ ಇಬ್ಬರೂ ಬೀದಿಯಲ್ಲಿ ನಿಂತು ಬೂಟು ಎಸೆದು, ಯಾರದು ಜಾಸ್ತಿ ದೂರ ಹೋಯ್ತು ಅಂತ ಅಳೆಯುತ್ತಾರೆ. ಅಷ್ಟೇ. ಆದರೆ ಆ ನಗುವಿನ ನಡುವೆ ಆರಿ ಡಾಂಟೆಯನ್ನು ಎಷ್ಟು ನೋಡುತ್ತಾನೆ ಅನ್ನುವುದು ನಮಗೆ ಗೊತ್ತಾಗುತ್ತದೆ. ಅವನಿಗೇ ಗೊತ್ತಾಗುವುದಿಲ್ಲ.

ಯಾಕೆ ಅಂದರೆ ಅವನ ಮನೆಯಲ್ಲಿ ಮಾತಿಲ್ಲ. ಅಣ್ಣ ಜೈಲಿನಲ್ಲಿದ್ದಾನೆ, ಅವನ ಹೆಸರು ಯಾರೂ ಎತ್ತುವುದಿಲ್ಲ. ವಿಯೆಟ್ನಾಂ ಯುದ್ಧದಿಂದ ಬಂದ ಅಪ್ಪ ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಡಾಂಟೆಯ ಮನೆಯಲ್ಲಾದರೋ ಅಪ್ಪನೇ ಮಗನಿಗೆ ಮುತ್ತು ಕೊಡುತ್ತಾನೆ. ಮಳೆಯಲ್ಲಿ ಗಾಯಗೊಂಡ ಹಕ್ಕಿಯನ್ನು ಎತ್ತಿಕೊಳ್ಳಲು ಡಾಂಟೆ ರಸ್ತೆಗಿಳಿದಾಗ ಆರಿ ಕಾರಿಗೆ ಅಡ್ಡ ಹಾರಿ ಅವನನ್ನು ತಳ್ಳುತ್ತಾನೆ. ಆರಿಯ ಎರಡೂ ಕಾಲು, ಒಂದು ಕೈ ಮುರಿಯುತ್ತದೆ. ಆಮೇಲೆ ಆ ವಿಷಯವೇ ಎತ್ತಬೇಡ ಅಂತ ಡಾಂಟೆಗೆ ನಿಯಮ ಹಾಕುತ್ತಾನೆ! ಆ ಪುಟ ನಾನು ಮೂರು ಸಲ ಓದಿದೆ. ಪ್ರಾಣ ಕೊಡಲು ತಯಾರು, ಒಂದು ಮಾತು ಆಡಲು ಮಾತ್ರ ಆಗದು.

ಹದಿನಾರರಲ್ಲಿ ನಾನೂ ಹಾಗೇ ಇದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನ ಪೆನ್ನಿಗೆ ದಿನಾ ಇಂಕು ತುಂಬಿಸಿ ಕೊಡುತ್ತಿದ್ದೆ. ಅವನು ಕೇಳುತ್ತಿರಲಿಲ್ಲ, ನಾನೂ ಯಾಕೆ ಅಂತ ಹೇಳುತ್ತಿರಲಿಲ್ಲ. ಡಾಂಟೆ ಚಿಕಾಗೋದಿಂದ ಪತ್ರದ ಮೇಲೆ ಪತ್ರ ಬರೆಯುವಾಗ ಆರಿ ಅಪರೂಪಕ್ಕೆ ಉತ್ತರಿಸುತ್ತಾನಲ್ಲ, ಅಲ್ಲಿ ನನಗೆ ಸಿಟ್ಟೇ ಬಂತು. ಬರೆಯೋ ಮಾರಾಯ, ಬರೆದುಬಿಡು ಅನ್ನುತ್ತಲೇ ಓದಿದೆ.

ಒಂದೇ ಬೇಸರ. ಕೊನೆಯಲ್ಲಿ ಅಪ್ಪ ಅಮ್ಮ ಕೂರಿಸಿಕೊಂಡು ಆರಿಯ ಮನಸ್ಸನ್ನು ಅವನಿಗೇ ಬಿಡಿಸಿ ಹೇಳುತ್ತಾರೆ. ಅಂಥ ಅಪ್ಪ ಅಮ್ಮ ಸಿಗಬೇಕು, ನಿಜ. ಆದರೆ ಇಷ್ಟು ನಿಧಾನವಾಗಿ ಕಾಯಿಸಿದ ಮೇಲೆ ಅದನ್ನು ಅವನೇ ಕಂಡುಕೊಳ್ಳಬೇಕಿತ್ತು, ಅಲ್ವಾ?

ಇಂಗ್ಲಿಷ್ ಸರಳ, ಹೆಚ್ಚೆಲ್ಲ ಸಂಭಾಷಣೆ, ಅಧ್ಯಾಯಗಳು ಚಿಕ್ಕವು. 2021ರಲ್ಲಿ ಎರಡನೇ ಭಾಗ ಬಂದಿದೆ. ತಂದಿಟ್ಟುಕೊಂಡಿದ್ದೇನೆ, ಇನ್ನೂ ತೆರೆದಿಲ್ಲ. ಅವರಿಬ್ಬರೂ ಇನ್ನೊಂದಷ್ಟು ದಿನ ಎಲ್ ಪಾಸೊದ ಮರುಭೂಮಿಯ ನಕ್ಷತ್ರಗಳ ಕೆಳಗೇ ಇರಲಿ ಅನಿಸುತ್ತಿದೆ.