ಚರ್ಚೆಯೋ, ಮೀನು ಪೇಟೆಯೋ?

ಕಾರವಾರದಲ್ಲಿ ಬಿಎ ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುತ್ತೀರಾ? ಅವರು ತಾವೇ ಯೋಚಿಸುವಂತಾಗಲು ನನಗೆ ಕಂಡ ದಾರಿ ಎರಡು.

ತರಗತಿಯಲ್ಲೇ ಚರ್ಚೆ ಇಟ್ಟರೆ ಖರ್ಚಿಲ್ಲ, ಒಂದು ಪಿರಿಯಡ್ ಸಾಕು. ಆದರೆ ಮಾತುಗಾರರೇ ಗೆಲ್ಲುತ್ತಾರೆ. ಉಳಿದವರು ಸುಮ್ನೆ ಕೂರುತ್ತಾರೆ.

ಮೀನು ಪೇಟೆಗೆ ಕಳಿಸಿದರೆ ಸಮಯ ಜಾಸ್ತಿ ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ಬಂಗಡೆ ದರ ಬರೆದುಕೊಳ್ಳಲಿ, ಆಗಸ್ಟಿನಲ್ಲಿ ಮತ್ತೆ ಬರೆಯಲಿ. ದರ ಇಳಿದಿದ್ದರೆ ಯಾಕೆ? ಬೋಟುಗಳು ಕಡಲಿಗಿಳಿದವು ಎಂದು ಎಲ್ಲರೂ ಹೇಳುತ್ತಾರೆ. ಶ್ರಾವಣ ಅಂತ ಮೀನು ಬಿಟ್ಟವರೂ ಇರುತ್ತಾರೆ, ಅಲ್ವಾ? ಪೂರೈಕೆಯ ಪಾಲೆಷ್ಟು, ಬೇಡಿಕೆಯದೆಷ್ಟು? ಅದನ್ನು ಬಿಡಿಸುವಾಗಲೇ ತಲೆ ಓಡುವುದು. (ಮೀನು ಮಾರುವ ಅಕ್ಕಂದಿರ ಜೊತೆ ಚೌಕಾಸಿಗಿಳಿಯಬೇಡಿ, ಸೋಲುತ್ತೀರಿ.)

ನನ್ನ ಓಟು ಪೇಟೆಗೆ. ಪರೀಕ್ಷೆ ಹತ್ತಿರವಿದ್ದರೆ ಮಾತ್ರ ಚರ್ಚೆ. ಅದಕ್ಕೂ ಮೊದಲು ಎದುರು ಪಕ್ಷದ ವಾದವನ್ನು ಬರೆಸಿ.