ಒಂದೇ ಜಿಪಿಯು, ಹಲವು ವರ್ಚುವಲ್ ಮಷೀನ್: ವರ್ಟಿಯೋ-ಜಿಪಿಯು ಜೊತೆಗಿನ ನನ್ನ ಅನುಭವ

ಲಿನಕ್ಸ್ ಮೇಲೆ ಲಿನಕ್ಸ್ ವರ್ಚುವಲ್ ಮಷೀನ್‌ಗಳನ್ನೇ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಓಡಿಸುವವರು, ಒಂದೇ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಅವುಗಳ ನಡುವೆ ಹಂಚಬೇಕಿದ್ದರೆ ಮೊದಲು ವರ್ಟಿಯೋ-ಜಿಪಿಯು ಅನ್ನೋ ವರ್ಚುವಲ್ ಗ್ರಾಫಿಕ್ಸ್ ಕಾರ್ಡ್ ನೋಡಿ. ಕೆಲವು ವರ್ಷಗಳಿಂದ ಇದನ್ನು ದಿನವೂ ಬಳಸುತ್ತಿದ್ದೇನೆ. ವರ್ಚುವಲ್ ಮಷೀನ್ ಓಡಿಸುವ ಕೆವಿಎಂ, ಕ್ಯೂಇಎಂಯು ಇದ್ದರೆ ಸಾಕು. ಬೇರೆ ಲೈಸೆನ್ಸ್ ಬೇಡ, ಸರ್ವರ್ ಕಾರ್ಡೂ ಬೇಡ.

ಕಾರ್ಡನ್ನು ನೇರವಾಗಿ ಮಷೀನ್‌ಗೇ ಕೊಟ್ಟುಬಿಡುವ ವಿಎಫ್‌ಐಒ ಪಾಸ್‌ಥ್ರೂ ಇದಕ್ಕಿಂತ ಜಾಸ್ತಿ ವೇಗ, ನಿಜ. ಆದರೆ ಇಡೀ ಕಾರ್ಡ್ ಒಂದೇ ಮಷೀನ್ ಪಾಲಾಗುತ್ತದೆ, ಹೋಸ್ಟ್‌ಗೂ (ಮಷೀನ್‌ಗಳನ್ನು ಓಡಿಸುವ ನಿಜವಾದ ಕಂಪ್ಯೂಟರ್) ಸಿಗುವುದಿಲ್ಲ. ಅದನ್ನು ಹಂಚಿಕೊಳ್ಳೋದು ಅನ್ನೋಕಾಗಲ್ಲ, ಅಲ್ವಾ? 2017ರ ಲಿನಕ್ಸ್ 4.10ರಲ್ಲಿ ಸೇರಿದ ಇಂಟೆಲ್ ಜಿವಿಟಿ-ಜಿ, ಇಂಟೆಲ್ ಪ್ರೊಸೆಸರ್ ಒಳಗಿನ ಜಿಪಿಯುವನ್ನು ಚೆನ್ನಾಗಿ ಹಂಚುತ್ತಿತ್ತು. ಆದರೆ 5ನೇ ತಲೆಮಾರಿನಿಂದ 10ನೇ ತಲೆಮಾರಿನ ಕೆಲವು ಪ್ರೊಸೆಸರ್‌ಗಳವರೆಗೆ ಮಾತ್ರ. ಅದರ ಮೇಲಿನ ಹಲವಕ್ಕೆ ಎಸ್‌ಆರ್-ಐಒವಿ (ಒಂದೇ ಜಿಪಿಯು ಹಲವು ಜಿಪಿಯುಗಳಂತೆ ಕಾಣಿಸಿಕೊಳ್ಳುವ ವಿಧಾನ) ದಾರಿ.

ವರ್ಟಿಯೋ-ಜಿಪಿಯು ಚಿಪ್‌ಗೆ ಅಂಟಿಕೊಂಡಿಲ್ಲ. ಗೆಸ್ಟ್‌ನ (ವರ್ಚುವಲ್ ಮಷೀನ್) ಮೆಸಾ ಗ್ರಾಫಿಕ್ಸ್ ಡ್ರೈವರ್ ಕೊಡುವ ಓಪನ್‌ಜಿಎಲ್ (ತ್ರೀಡಿ ಚಿತ್ರ ಬಿಡಿಸುವ ಆದೇಶಗಳು) ಕೆಲಸವನ್ನು ಹೋಸ್ಟ್‌ನಲ್ಲಿ ವರ್ಗಲ್‌ರೆಂಡರರ್ ಎಂಬ ಲೈಬ್ರರಿ ತೆಗೆದುಕೊಂಡು ನಿಜವಾದ ಕಾರ್ಡ್ ಮೇಲೆ ನಡೆಸುತ್ತದೆ. ಹೋಸ್ಟ್ ಕಣ್ಣಿಗೆ ಪ್ರತಿ ಮಷೀನೂ ಇನ್ನೊಂದು ಪ್ರೋಗ್ರಾಂ ಅಷ್ಟೇ. ಅದಕ್ಕೇ ಎರಡು ಮೂರು ಡೆಸ್ಕ್‌ಟಾಪ್ ಒಟ್ಟಿಗೆ ತೆರೆದರೂ ಹಂಚಿಕೆಗೆ ನಾವೇನೂ ಮಾಡಬೇಕಿಲ್ಲ. ಬ್ರೌಸರ್, ವಿಂಡೋ ಅನಿಮೇಷನ್, ಸಣ್ಣ ಮಟ್ಟದ ತ್ರೀಡಿ ಕೆಲಸ ಎಲ್ಲ ಹಾಯಾಗಿ ನಡೆಯುತ್ತವೆ.

ಮಷೀನ್‌ಗಳನ್ನು ನೋಡಿಕೊಳ್ಳುವ ವರ್ಟ್-ಮ್ಯಾನೇಜರ್‌ನಲ್ಲಿ ವಿಡಿಯೋ ವರ್ಟಿಯೋ ಇರಲಿ, ತ್ರೀಡಿ ಆಕ್ಸಲರೇಷನ್ ಟಿಕ್ ಮಾಡಿ, ಮಷೀನ್‌ನ ಪರದೆ ತೋರಿಸುವ ಸ್ಪೈಸ್‌ನಲ್ಲಿ ಓಪನ್‌ಜಿಎಲ್ ಕೂಡ ಆನ್ ಮಾಡಿ. ಆಮೇಲೆ ಗೆಸ್ಟ್‌ನಲ್ಲಿ ಓಪನ್‌ಜಿಎಲ್ ರೆಂಡರರ್ (ಚಿತ್ರ ಬಿಡಿಸುವ ಡ್ರೈವರ್) ಹೆಸರು ನೋಡಿ. ವರ್ಗಲ್ ಅಂತ ಬಂದರೆ ಸರಿ. ಎಲ್‌ಎಲ್‌ವಿಎಂಪೈಪ್ ಅಂತ ಬಂದರೆ ಎಲ್ಲವೂ ಸಿಪಿಯು ಮೇಲೇ ಓಡುತ್ತಿದೆ.

ತೊಂದರೆಗಳೂ ಇವೆ. ಶೇಡರ್‌ಗಳು (ಜಿಪಿಯು ಮೇಲೆ ಓಡುವ ಸಣ್ಣ ಪ್ರೋಗ್ರಾಂಗಳು) ಗೆಸ್ಟ್‌ನಲ್ಲೊಮ್ಮೆ, ಹೋಸ್ಟ್‌ನಲ್ಲೊಮ್ಮೆ ಕಂಪೈಲ್ ಆಗುವುದರಿಂದ ಹೊಸ ದೃಶ್ಯ ಬಂದಾಗ ಚಿತ್ರ ತಡವರಿಸುತ್ತದೆ. ಕಾರ್ಡ್ ಮೆಮೊರಿಯನ್ನು ಮಷೀನ್‌ಗೆ ಇಷ್ಟು ಅಂತ ಭಾಗ ಮಾಡುವುದಿಲ್ಲ, ಹಾಗಾಗಿ ಒಂದು ಜಾಸ್ತಿ ತಿಂದರೆ ಉಳಿದವು ನರಳುತ್ತವೆ. ನನಗೆ ತುಂಬಾ ಬೇಸರ ತಂದದ್ದು ಬೇರೆ: ತ್ರೀಡಿ ಆನ್ ಇದ್ದಾಗ, ಓಡುತ್ತಿರುವ ಮಷೀನನ್ನು ಇದ್ದ ಸ್ಥಿತಿಯಲ್ಲೇ ಸೇವ್ ಮಾಡಲು ಆಗುವುದಿಲ್ಲ. ಆಫ್ ಮಾಡಿಯೇ ಸ್ನ್ಯಾಪ್‌ಶಾಟ್ ತೆಗೆಯಬೇಕು. ಎನ್‌ವಿಡಿಯಾ ಕಾರ್ಡ್ ಮೇಲೆ ಲೆಕ್ಕಾಚಾರ ನಡೆಸುವ ಕುಡಾ (CUDA) ಬೇಕಿದ್ದರೆ ಇತ್ತ ಬರಲೇಬೇಡಿ, ಪಾಸ್‌ಥ್ರೂ ಮಾಡಿಕೊಳ್ಳಿ.

2024ರ ಡಿಸೆಂಬರ್‌ನಲ್ಲಿ ಬಂದ ಕ್ಯೂಇಎಂಯು 9.2 ವೀನಸ್ ತಂತು. ಅದರಿಂದ ಓಪನ್‌ಜಿಎಲ್‌ಗಿಂತ ಹೊಸದಾದ ವಲ್ಕನ್ ಕೂಡ ಈಗ ಗೆಸ್ಟ್‌ಗೆ ಸಿಗುತ್ತದೆ. ಕ್ಯೂಇಎಂಯು ಕಮಾಂಡ್ ಸಾಲಿನಲ್ಲಿ ವೀನಸ್ (venus) ಜೊತೆಗೆ ಬ್ಲಾಬ್ (blob), ಹೋಸ್ಟ್‌ಮೆಮ್ (hostmem) ಆಯ್ಕೆಗಳನ್ನೂ ಕೊಡಬೇಕು. ನನ್ನ ಭಾರದ ತ್ರೀಡಿ ಕೆಲಸಗಳನ್ನು ಒಂದೊಂದಾಗಿ ಅದಕ್ಕೇ ವರ್ಗಾಯಿಸುತ್ತಿದ್ದೇನೆ. ವಿಂಡೋಸ್ ಗೆಸ್ಟ್ ಮಾತ್ರ ಇನ್ನೂ ಪಾಸ್‌ಥ್ರೂ ಕಾರ್ಡ್ ಮೇಲೇ ಇದೆ.