ಫ್ಲ್ಯಾಪ್‌ನ ರಕ್ತಸಂಚಾರ ಕಾಯಲು ಕಣ್ಣು, ಬೆರಳು ಸಾಕೇ, ಯಂತ್ರ ಬೇಕೇ?

ಅಡಿಕೆ ಜಗಿಯುವ ಮಲೆನಾಡಿನಲ್ಲಿ ಬಾಯಿಯ ಕ್ಯಾನ್ಸರ್‌ ತೆಗೆದ ಜಾಗಕ್ಕೆ ತೊಡೆಯಿಂದಲೋ ಮುಂಗೈಯಿಂದಲೋ ಫ್ಲ್ಯಾಪ್ (ರಕ್ತನಾಳಗಳ ಸಮೇತ ತೆಗೆದ ಅಂಗಾಂಶದ ತುಂಡು) ತಂದು ಜೋಡಿಸಿದ ಮೇಲೆ, ಅದರ ರಕ್ತಸಂಚಾರವನ್ನು ಹೇಗೆ ಕಾಯಬೇಕೆಂಬುದು ಮುಖ್ಯವಾಗಿ ಮೊದಲ 72 ಗಂಟೆಗಳ ಪ್ರಶ್ನೆ. ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಆಗಲೇ.

ಫ್ಲ್ಯಾಪ್ ಕಣ್ಣಿಗೆ ಕಾಣುವಂತಿದ್ದರೆ ನನ್ನ ಆಯ್ಕೆ ನುರಿತ ನರ್ಸಿನ ಕಣ್ಣು ಮತ್ತು ಬೆರಳು. ಒತ್ತಿ ಬಿಟ್ಟಾಗ ಬಣ್ಣ ಸುಮಾರು 2–3 ಸೆಕೆಂಡಿನಲ್ಲಿ ಮರಳಬೇಕು. ಬಿಳಿಚಿಕೊಂಡು, ತಣ್ಣಗಾಗಿ, ಬಣ್ಣ ತಡವಾಗಿ ಬಂದರೆ ಅಪಧಮನಿಯ ತೊಂದರೆ. ನೇರಳೆಗೆ ತಿರುಗಿ, ಉಬ್ಬಿ, ಬಣ್ಣ ಥಟ್ಟನೆ ಮರಳಿ, ಸೂಜಿ ಚುಚ್ಚಿದಲ್ಲಿ ಕಪ್ಪಗಿನ ರಕ್ತ ಒಸರಿದರೆ ಅಭಿಧಮನಿಯ ತೊಂದರೆ. ಆದರೆ ಇದನ್ನು ಮೊದಲ ದಿನವಂತೂ ಗಂಟೆಗೊಮ್ಮೆ, ರಾತ್ರಿಯೂ, ಬಿಳಿ ಬೆಳಕಿನಲ್ಲಿ ನೋಡಬೇಕು (ಆಷಾಢದ ಮಳೆಗೆ ಕರೆಂಟು ಹೋಗುವ ಶಿವಮೊಗ್ಗದ ಕಡೆ ಟಾರ್ಚ್ ಮಂಚದ ಪಕ್ಕದಲ್ಲೇ ಇರಲಿ). ಚಳಿಗೆ ನಾಳಗಳು ಸೆಟೆಯುವುದರಿಂದ ಕೋಣೆಯೂ ಬೆಚ್ಚಗಿರಬೇಕು.

ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ, ಕೈಯಲ್ಲಿ ಹಿಡಿಯುವ ಡಾಪ್ಲರ್ ಯಂತ್ರ ಅಗ್ಗ, ಆದರೆ ಪಕ್ಕದ ನಾಳದ ಸದ್ದನ್ನೇ ಫ್ಲ್ಯಾಪಿನದೆಂದು ನಂಬಿಸಬಲ್ಲದು. ಚರ್ಮದಡಿ ಹುದುಗಿದ ಫ್ಲ್ಯಾಪಿಗೆ, ತಂತಿ ಸರಿದು ಸುಳ್ಳು ಎಚ್ಚರಿಕೆ ಬರುವುದುಂಟಾದರೂ, ನಾಳಕ್ಕೇ ಸುತ್ತುವ ಡಾಪ್ಲರ್ ಮೇಲು. ಅಂಗಾಂಶದ ಆಮ್ಲಜನಕ ಅಳೆಯುವ ಅವಕೆಂಪು ಬೆಳಕಿನ ಯಂತ್ರ ಬಿಡದೆ ಕಾಯುತ್ತದೆ, ಸಿಬ್ಬಂದಿ ಕಡಿಮೆಯಿರುವಲ್ಲಿ ಒದಗುತ್ತದೆ. ದುಬಾರಿ, ಆಳದಲ್ಲಿ ಹುದುಗಿದ ಫ್ಲ್ಯಾಪಿಗೆ ಬಾರದು.